ತಿಕ್ಕಿದ ಕಠಾರಿ

ಶಿಷ್ಯೆಯೊಬ್ಬಳು ಗುರುಗಳನ್ನು ಕೇಳಿದಳು: "ನಮ್ಮದು ಐದು ತಲೆಮಾರುಗಳಿಂದ ಮರ್ಯಾದೆಯಾಗಿ ಬಾಳಿದ ಮನೆ. ನಮ್ಮವರತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಮೊನ್ನೆ ನಾನು ಅಡುಗೆಯವಳ ಮೇಲೆ ತಪ್ಪು ಹೊರಿಸಿದೆ. ಅದು ಸುಳ್ಳೆಂದು ಆಮೇಲೆ ತಿಳಿಯಿತು. ಇನ್ನು ಮುಂದೆ ಅವಳನ್ನು ಚೆನ್ನಾಗಿ ನೋಡಿಕೊಂಡರೆ ಸಾಲದೇ? ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲೂಬೇಕೇ?"

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಅವನ ಮುತ್ತಜ್ಜ ಹಡಗಿನಲ್ಲಿ ಜಾವಾಕ್ಕೆ ಹೋಗಿ ಬರುವಾಗ ಒಂದು ಕಠಾರಿ ತಂದಿದ್ದ. ಅದರ ಅಲಗು ಅಂಕುಡೊಂಕು, ಬಣ್ಣ ಕಪ್ಪು. ವಿಧವೆಯಾದ ತಂಗಿ ವರ್ತಕನ ಮನೆಯಲ್ಲೇ ಇದ್ದಳು. ಆಯುಧಪೂಜೆಗೆ ಮನೆಯ ಕತ್ತಿ, ಕೊಡಲಿಗಳನ್ನೆಲ್ಲ ಅವಳೇ ತಿಕ್ಕಿ ಬೆಳಗುತ್ತಿದ್ದಳು. ಆ ಕಠಾರಿಗೆ ಮಾತ್ರ ಹತ್ತಿಯಿಂದ ಎಣ್ಣೆ ಸವರಿ ಇಡುತ್ತಿದ್ದಳು.

ಒಂದು ವರ್ಷ ನೆಂಟರೆದುರು ವರ್ತಕ ಗದರಿದ: "ಇದೇನೇ, ಬಾಣಲೆಯ ತಳದ ಹಾಗಿದೆ! ಉಣ್ಣುವುದಕ್ಕೆ ಬಗ್ಗುವ ಮೈ ತಿಕ್ಕುವುದಕ್ಕೆ ಬಗ್ಗುವುದಿಲ್ಲವೇ?"

"ಅಪ್ಪ ಇದಕ್ಕೆ ಎಣ್ಣೆ ಮಾತ್ರ ಹಚ್ಚುತ್ತಿದ್ದರು, ಅಣ್ಣಾ."

"ಅಪ್ಪನ ಹೆಸರು ಹೇಳಿ ಸೋಮಾರಿತನ ಮುಚ್ಚಬೇಡ."

ಅವನೇ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ. ಅಲಗು ಬೆಳ್ಳಿಯಂತಾಯಿತು. ನೆಂಟರು ಮೆಚ್ಚಿದರು. ಆಮೇಲೆ ಪ್ರತಿ ವರ್ಷವೂ ಅವನೇ ತಿಕ್ಕಿದ. ತಂಗಿಯನ್ನು ಪೂಜೆಗೆ ಕರೆಯಲಿಲ್ಲ. ಅವಳು ಅಡುಗೆಮನೆಯಲ್ಲೇ ಕೈಮುಗಿದಳು.

ಹನ್ನೊಂದು ವರ್ಷಗಳಾದ ಮೇಲೆ, ಹಳೆಯ ಆಯುಧಗಳನ್ನು ಬಲ್ಲವರೊಬ್ಬರು ಊರಿಗೆ ಬಂದರು. ವರ್ತಕ ಅವರನ್ನು ಮನೆಗೆ ಕರೆದು ಹೆಮ್ಮೆಯಿಂದ ಕಠಾರಿ ತೋರಿಸಿ ಬೆಲೆ ಕೇಳಿದ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಿಡಿಯ ಬುಡದ ಸಂದಿನಲ್ಲಿ, ಬಟ್ಟೆ ತಲುಪದ ಕಡೆ, ಉಗುರಿನಷ್ಟು ಕಪ್ಪು ಉಳಿದಿತ್ತು. ಅದರಲ್ಲಿ ನೀರಿನ ಅಲೆಯಂಥ ಸಣ್ಣ ಗೆರೆಗಳಿದ್ದವು.

"ಜಾವಾದವರು ಇದನ್ನು ಕ್ರಿಸ್ ಅನ್ನುತ್ತಾರೆ. ಎರಡು ಬಗೆಯ ಕಬ್ಬಿಣವನ್ನು ಮಡಿಸಿ ಬಡಿದಾಗ ಇಂಥ ಗೆರೆ ಮೂಡುತ್ತದೆ. ಮಾಡಿದ ಊರು, ಕಾಲ, ಬೆಲೆ ಎಲ್ಲವನ್ನೂ ಈ ಗೆರೆ ನೋಡಿಯೇ ಹೇಳಬೇಕು. ಇಲ್ಲಿ ಮೇಲಿನ ಪದರವೇ ಸವೆದಿದೆ. ಎಣ್ಣೆ ಹಚ್ಚಿ ಇಟ್ಟಿದ್ದರೆ ಸಾಕಿತ್ತು. ಯಾರು ಸ್ವಾಮಿ ಇದನ್ನು ತಿಕ್ಕಿದ್ದು?"

ವರ್ತಕ ಹೇಳಿದ: "ಮನೆಯ ಹೆಂಗಸರು. ಅವರಿಗೇನು ಗೊತ್ತಾಗುತ್ತದೆ?"

ಬಂದವರಿಗೆ ಕಾಫಿ ತಂದ ತಂಗಿ ಬಾಗಿಲಲ್ಲೇ ಇದ್ದಳು. ಲೋಟಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ವರ್ಷದ ಪೂಜೆಗೆ ವರ್ತಕ ಅವಳಿಗೆ ರೇಷ್ಮೆ ಸೀರೆ ಕೊಟ್ಟ. ಎಲ್ಲರಿಗಿಂತ ಮುಂದೆ ಕೂರಿಸಿದ. ಕಠಾರಿಯನ್ನೂ ಎಣ್ಣೆಯ ಬಟ್ಟಲನ್ನೂ ಅವಳ ಕೈಗೆ ಕೊಟ್ಟ. ಅವಳು ಆ ಬೋಳು ಅಲಗಿಗೆ ಮೊದಲಿನಂತೆಯೇ ಎಣ್ಣೆ ಸವರಿದಳು. ಅಣ್ಣನ ಮುಖ ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ಅವನು ಪ್ರಸಾದ ಹಂಚಲು ಎದ್ದುಹೋದ.

ಮುಂದಿನ ಹಬ್ಬದ ಹೊತ್ತಿಗೆ ಅವಳು ಬದುಕಿರಲಿಲ್ಲ.

ಶಿಷ್ಯೆ ಕೇಳಿದಳು: "ಸೀರೆ ಕೊಟ್ಟ, ಮುಂದೆ ಕೂರಿಸಿದ. ಅವನು ಇನ್ನೇನು ಮಾಡಬೇಕಿತ್ತು?"

ಗುರುಗಳು ಹೇಳಿದರು: "ಅವನಿಗೆ ಕಾಲ ಮೀರಿತು, ನೀನು ಹೋಗಿ ಕ್ಷಮೆ ಕೇಳು."