ಎಡಗೈಯ ಹಿಡಿ

ಗುರುಗಳಿಗೆ ಮುಪ್ಪು ಬಂದಿತ್ತು. ಅವರ ಪೀಠಕ್ಕೆ ಒಬ್ಬ ಶಿಷ್ಯನನ್ನು ಆರಿಸಲಾಗಿತ್ತು. ಮರುದಿನದ ಬೆಳಗಿನಿಂದ ಪಾಠ ಹೇಳಬೇಕಾದವನು ಅವನೇ. ಗುರುಗಳಿಗೆ ಹಳೆಯ ಕೆಮ್ಮೊಂದಿತ್ತು. ಮಾತಿನ ನಡುವೆ ಬರುತ್ತಿತ್ತು. ಶಿಷ್ಯನಿಗೆ ಕೆಮ್ಮಿರಲಿಲ್ಲ. ಆದರೂ ಪಾಠ ಒಪ್ಪಿಸುವಾಗ ಅವನು ಗುರುಗಳು ಕೆಮ್ಮಿದ್ದ ಮಾತಿನ ಬಳಿಯೇ ನಿಂತು ಕೆಮ್ಮುತ್ತಿದ್ದನು.

ಶಿಷ್ಯನು ಕೇಳಿದನು: "ಗುರುಗಳೇ, ನೀವು ಕೊಟ್ಟದ್ದರಲ್ಲಿ ಕೂದಲೆಳೆಯಷ್ಟೂ ಕಳೆಯದಂತೆ ಉಳಿಸಿಕೊಳ್ಳುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಕಾಡಿನ ಜನರ ಹಾಡಿಯೊಂದರಲ್ಲಿ ಒಬ್ಬ ಜೇನುಗಾರನಿದ್ದನು. ಬಂಡೆಯ ನೆತ್ತಿಯಿಂದ ಬಳ್ಳಿಯ ಏಣಿಯನ್ನು ಇಳಿಬಿಟ್ಟು, ಅದರಲ್ಲಿ ನೇತಾಡುತ್ತ ಹೆಜ್ಜೇನಿನ ಹುಟ್ಟನ್ನು ಕೊಯ್ಯುವುದು ಅವನ ಕೆಲಸ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಕುಳಿತು ಹಿಡಿಯುವವನು ಅವನ ಹೆಂಡತಿಯ ತಮ್ಮ. ಅಕ್ಕ ವಿಧವೆಯಾಗುವುದನ್ನು ಬಯಸದವನು ಹಗ್ಗ ಬಿಡುವುದಿಲ್ಲ ಎಂಬುದು ಆ ಜನರ ಲೆಕ್ಕ.

ಅವರಲ್ಲಿ ಇನ್ನೊಂದು ಕಟ್ಟಳೆಯಿತ್ತು. ಜೇನುಗಾರ ಸತ್ತರೆ ಅವನ ಚೂರಿಯ ಹಿಡಿಯನ್ನು ಬಿಚ್ಚಿ ಅವನೊಡನೆ ಹೂಳಬೇಕು. ಅಲಗು ಮಗನಿಗೆ. ಮಗನು ತನ್ನ ಕೈಗೆ ಒಪ್ಪುವ ಹೊಸ ಹಿಡಿಯನ್ನು ಹಾಕಿಕೊಳ್ಳಬೇಕು.

ಈ ಜೇನುಗಾರನ ತಂದೆ ಸತ್ತಾಗ ಮಗನು ಹಿಡಿಯನ್ನು ಬಿಚ್ಚಲು ಬಿಡಲಿಲ್ಲ. ಹುಣಸೆ ಮರದ ಹಿಡಿ. ತಂದೆಯ ಹೆಬ್ಬೆರಳು ಕೂರುತ್ತಿದ್ದಲ್ಲಿ ಸವೆದು ಕುಳಿ ಬಿದ್ದಿತ್ತು. ಅಲ್ಲಿ ಬೆರಳಿಟ್ಟರೆ ಅಪ್ಪನೇ ಕೈ ಹಿಡಿದಂತಾಗುತ್ತದೆ ಎಂದನು. ತಾಯಿ ಚೂರಿಯನ್ನು ಹಿಡಿಯೊಡನೆಯೇ ಅವನ ಕೈಗಿಟ್ಟಳು.

ತಂದೆ ಎಡಗೈಯವನು, ಮಗ ಬಲಗೈಯವನು. ಕುಳಿ ಬಿದ್ದದ್ದು ಎಡಗೈಯ ಅಳತೆಗೆ. ಮಗನು ಹಿಡಿಯನ್ನು ಬದಲಿಸಲಿಲ್ಲ, ಕೈಯನ್ನು ಬದಲಿಸಿದನು. ಎಡಗೈಯಲ್ಲಿ ಉಂಡನು. ಎಡಗೈಯಲ್ಲಿ ಸೌದೆ ಸೀಳಿದನು. ಹಾಡಿಯ ಹಿರಿಯರು, ಥೇಟ್ ಅಪ್ಪನ ಹಾಗೆ ಎಂದು ಹೊಗಳಿದರು. ಹೊಗಳಿದವರಲ್ಲಿ ಯಾರೂ ಹಗ್ಗ ಹಿಡಿಯುವವರಲ್ಲ.

ಹಗ್ಗ ಹಿಡಿಯುವವನು ಹೇಳಿದನು: "ಭಾವ, ನಿನ್ನ ಎಡಗೈ ಬಾಯಿಗೆ ಬರುವ ಮೊದಲು ಕಿವಿಯನ್ನು ವಿಚಾರಿಸಿಕೊಂಡು ಬರುತ್ತದೆ. ಬಂಡೆಯಲ್ಲಿ ಅದಕ್ಕೆ ದಾರಿ ತೋರಿಸುವವರು ಯಾರು?"

"ಅಪ್ಪ ತೋರಿಸುತ್ತಾನೆ," ಎಂದನು ಜೇನುಗಾರ.

ಅಪ್ಪ ಕನಸಿನಲ್ಲಿ ಬರುತ್ತಿದ್ದನು. ಮಂಜಿನೊಳಗೆ ನಿಂತು ಎಡಗೈಯನ್ನು ಮುಂದೆ ಚಾಚಿ, ಇಲ್ಲದ ಏನನ್ನೋ ಹಿಡಿದವನಂತೆ ಬೆರಳುಗಳನ್ನು ಮಡಚಿರುತ್ತಿದ್ದನು. ಮಾತನಾಡುತ್ತಿರಲಿಲ್ಲ. ಚೂರಿ ಹಿಡಿಯುವ ಬಗೆಯನ್ನು ಕಲಿಸುತ್ತಿದ್ದಾನೆ ಎಂದು ಮಗನು ತಿಳಿದನು. ಎಚ್ಚರವಾದಾಗ ಅವನ ಎಡಗೈ ಹಾಗೆಯೇ ಮಡಚಿಕೊಂಡಿರುತ್ತಿತ್ತು.

ಜೇನಿನ ಕಾಲ ಬಂತು. ಬಂಡೆಯ ಬುಡದಲ್ಲಿ ಹಸಿ ಸೊಪ್ಪಿನ ಹೊಗೆ ಹಾಕಿದರು. ಜೇನುಗಾರ ಏಣಿಯಲ್ಲಿ ಇಳಿದನು. ಹೊಗೆಯಲ್ಲಿ ಬಂಡೆ ಕರಗಿತು, ಏಣಿ ಕರಗಿತು, ತನ್ನ ಕಾಲುಗಳೂ ಕರಗಿದವು. ಹುಳಗಳ ಮೊರೆತವೊಂದೇ ಉಳಿಯಿತು, ಬಹಳ ದೂರದಲ್ಲಿ ಯಾರೋ ಜೋಗುಳ ಹಾಡುವಂತೆ. ಅವನು ಕುಳಿಯಲ್ಲಿ ಹೆಬ್ಬೆರಳಿಟ್ಟನು. ತನ್ನ ಕೈಯ ಮೇಲೆ ಇನ್ನೊಂದು ಕೈ ಇದ್ದಂತೆ ತೋರಿತು. ಆ ಕೈಯನ್ನು ನಂಬಿ ಬೀಸಿದನು. ಬೆವರಿದ ಅಂಗೈಯಲ್ಲಿ ಹಿಡಿ ಹೊರಳಿತು. ಅಲಗು ಹುಟ್ಟನ್ನು ಬಿಟ್ಟು ಏಣಿಯ ಬಳ್ಳಿಯನ್ನು ಕೊಯ್ದಿತು.

ಅವನು ಬಿದ್ದನು. ಸೊಂಟದ ಹಗ್ಗ ಬಿಗಿಯಿತು. ಮೇಲಿದ್ದವನು ಬಿಡಲಿಲ್ಲ. ಅಂಗೈಯ ಚರ್ಮ ಹಗ್ಗದೊಡನೆ ಹೋಯಿತು, ಆದರೂ ಬಿಡಲಿಲ್ಲ. ಮುಂಗೈಗೆ ದಾರದಿಂದ ಕಟ್ಟಿದ್ದ ಚೂರಿಯೂ ಜೇನುಗಾರನ ಜೊತೆ ಮೇಲೆ ಬಂತು.

ಹೆಂಡತಿಯ ತಮ್ಮ ಸುಲಿದ ಕೈಗಳನ್ನು ನೋಡಿಕೊಂಡು ಹೇಳಿದನು: "ಭಾವ, ನಾನು ಹಗ್ಗ ಹಿಡಿಯಲು ಒಪ್ಪಿದ್ದು ನಿನ್ನೊಬ್ಬನಿಗೆ. ನಿನ್ನಪ್ಪನೂ ಜೊತೆಗೆ ನೇತಾಡುತ್ತಾನೆ ಎಂದು ನೀನು ಹೇಳಿರಲಿಲ್ಲ."

ಆ ಕೈಗಳು ಮತ್ತೆ ಪೂರ್ತಿ ಮುಚ್ಚಲಿಲ್ಲ. ಅವನು ಮತ್ತೆ ಹಗ್ಗ ಹಿಡಿಯಲಿಲ್ಲ.

ಜೇನುಗಾರ ಚೂರಿಯನ್ನು ತಾಯಿಯ ಮುಂದಿಟ್ಟು ತನ್ನ ಕನಸನ್ನು ಹೇಳಿದನು. ತಾಯಿ ಹೇಳಿದಳು: "ನಿನ್ನಪ್ಪ ಕಲಿಸುತ್ತಿರಲಿಲ್ಲ, ಮಗಾ. ತನ್ನದನ್ನು ಕೇಳುತ್ತಿದ್ದ."

ಹದ ಕೆಡದಂತೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹಿಡಿಯನ್ನು ಕೆಂಡದ ಬಳಿ ಹಿಡಿದರು. ಒಳಗಿನ ಅರಗು ಕರಗಿತು. ಹಿಡಿ ಕಳಚಿ ಬಂತು. ಅದನ್ನು ತಂದೆಯನ್ನು ಹೂತ ಜಾಗದಲ್ಲಿ ಹೂತರು. ಜೇನುಗಾರ ಹೊಸ ಕೊರಡನ್ನು ಕೆತ್ತಿದನು. ಅದಕ್ಕೆ ತೂತು ಕೊರೆದು, ಅರಗು ತುಂಬಿ, ಅಲಗಿನ ಬಾಲವನ್ನು ಕಾಯಿಸಿ ಇಳಿಸಿದನು. ಹೊಸ ಹಿಡಿ ಒರಟಾಗಿತ್ತು. ಬಲಗೈಯಲ್ಲಿ ಬೊಬ್ಬೆ ಎಬ್ಬಿಸಿತು. ಅಲಗು ಮೊದಲಿನಂತೆಯೇ ಕೊಯ್ಯಿತು. ಅಪ್ಪ ಮತ್ತೆ ಕನಸಿಗೆ ಬರಲಿಲ್ಲ.

ಕತೆ ಮುಗಿಯುವ ಹೊತ್ತಿಗೆ ಗುರುಗಳಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಶಿಷ್ಯನು ಕಾದನು. ಆಮೇಲೆ ಕೈಮುಗಿದು ಹೇಳಿದನು: "ಗುರುಗಳೇ, ನಾಳೆಯ ಪಾಠದಲ್ಲಿ ಈ ಕತೆಯನ್ನು ಹೀಗೆಯೇ ಹೇಳುತ್ತೇನೆ." ಹೇಳಿ, ಮೆಲ್ಲಗೆ ಕೆಮ್ಮಿದನು.

ಗುರುಗಳು ಹೇಳಿದರು:

"ಹೇಳು, ಕೇಳಿದವರು ಇನ್ನೊಬ್ಬರಿಗೆ ಹೇಳಲಿ ಎಂದೂ ಹೇಳು, ಕೆಮ್ಮನ್ನು ಮಾತ್ರ ನನ್ನ ಜೊತೆ ಹೂಳು."