ಗಟ್ಟಿ ಚಪ್ಪಡಿ

ಪುರಸಭೆಯ ಮುಂದಿನ ಚರಂಡಿಯ ಚಪ್ಪಡಿ ಮಗುಚಿ, ಸೊಪ್ಪು ಮಾರುವ ದ್ಯಾಮವ್ವನ ಕಾಲು ಮುರಿಯಿತು. ಆಕೆ ಪರಿಹಾರ ಕೇಳಿ ಕೋರ್ಟಿಗೆ ಹೋದಳು.

“ಚಪ್ಪಡಿ ಗಟ್ಟಿಯಾಗೇ ಇದೆ. ಅಲುಗಾಡಿದ್ದನ್ನು ನಾವ್ಯಾರೂ ಕಂಡಿಲ್ಲ. ಈಕೆಯೇ ನೋಡದೆ ನಡೆದಿದ್ದಾಳೆ” ಎಂದರು ಮುಖ್ಯಾಧಿಕಾರಿ.

“ಅವರಿಗೆ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಮ್ಮ” ಎಂದರು ನ್ಯಾಯಾಧೀಶರು.

“ತಾವೇ ಬಂದು ನೋಡ್ರಿ. ಅವರನ್ನೂ ಕರಕೊಂಡು ಬರ್ರಿ.”

ಮರುದಿನ ಎಲ್ಲರೂ ಬಂದರು. ದ್ಯಾಮವ್ವ ಊರುಗೋಲಿನಿಂದ ಚಪ್ಪಡಿಯನ್ನೇ ತೋರಿಸಿದಳು. “ಹಿಂಗ ಬರ್ರಿ, ಸಾಹೇಬ್ರ.”

ನ್ಯಾಯಾಧೀಶರು ಕಾಲೆತ್ತಿದರು. ಮುಖ್ಯಾಧಿಕಾರಿ ಓಡಿಬಂದು ಅವರ ತೋಳು ಹಿಡಿದರು.

“ಅದರ ಮ್ಯಾಲೆ ಬ್ಯಾಡ್ರಿ, ಸಾಹೇಬ್ರ. ಮಗುಚತೈತಿ. ನಾವೆಲ್ಲ ಮೊದಲಿಂದಲೂ ದಾಟಿಕೊಂಡೇ ಹೋಗ್ತೀವ್ರಿ.”

“ಇದನ್ನ ನನಗೂ ಹೇಳಿದ್ರ ಕಾಲು ಉಳೀತಿತ್ತಲ್ರಿ” ಎಂದಳು ದ್ಯಾಮವ್ವ.

ಪರಿಹಾರ ಸಿಕ್ಕಿತು. ಚಪ್ಪಡಿ ಈಗಲೂ ಅಲುಗಾಡುತ್ತದೆ.