ಬೀದಿ ಕಡೆಯ ಹಗ್ಗ

"ಗುರುಗಳೇ, ನಮ್ಮ ಸಭೆ ಮತ್ತೆ ಹೊಸದಾಗುವುದು ಯಾವಾಗ?"

ಕೇಳಿದವನು ಚೌರಪ್ಪ, ಹಳ್ಳಿಯ ಚರ್ಚಿನ ಉಪದೇಶಿ. ಜನರಿಗೆ ಜಪ ಹೇಳಿಕೊಡುವುದು ಅವನ ಕೆಲಸ. ಜಪ ಬಿಟ್ಟು ಉಳಿದೆಲ್ಲವೂ ಅವನ ಹೆಗಲಿಗೇ ಬಿದ್ದಿತ್ತು. ವಯಸ್ಸು ಇಪ್ಪತ್ತೆಂಟು, ಮುಖ ನೋಡಿದರೆ ನಲವತ್ತು ಎನ್ನಬೇಕು. ಗುರುಗಳ ಮುಂದೆ ಒಂದು ಕಾಗದ ಇಟ್ಟು ನಿಂತಿದ್ದ. ಅದಕ್ಕೆ ಅವರ ಸಹಿ ಬೇಕಿತ್ತು.

"ಕಾಗದದಲ್ಲಿ ಏನು ಬರೆದಿದ್ದೀಯ?"

"ವಾರದ ದಿನ ಗೇಟಿಗೆ ಬೀಗ, ಭಾನುವಾರ ಮಾತ್ರ ತೆರೆಯುವುದು. ಅಷ್ಟೇ. ನೆರೆ ಬಂದಾಗ ಅನ್ನ ಬೇಯಿಸಿದೆ. ಜ್ವರ ಬಂದಾಗ ಹೆಣ ಹೊತ್ತೆ. ಅದಕ್ಕೆ ಬೇಸರವಿಲ್ಲ. ಈಗ ಗಂಡ ಹೆಂಡತಿ ಜಗಳಕ್ಕೂ ನಾನೇ, ರೇಷನ್ ಕಾರ್ಡಿಗೂ ನಾನೇ, ಕಳೆದುಹೋದ ಮೇಕೆಗೂ ನಾನೇ. ಬರುವವರಲ್ಲಿ ಮುಕ್ಕಾಲು ಪಾಲು ನಮ್ಮವರೂ ಅಲ್ಲ. ನಮ್ಮೂರಲ್ಲಿ ಎರಡು ಮೂಟೆ ಒಟ್ಟಿಗೆ ಹೊತ್ತವನು ನಾನೊಬ್ಬನೇ. ಬೇಕಾದರೆ ಯಾರನ್ನಾದರೂ ಕೇಳಿ. ದಣಿವು ಅಂದರೇನು ಅಂತ ಗೊತ್ತಿರದ ಆಳು ನಾನು, ಗುರುಗಳೇ. ಈಗ ಗೊತ್ತಾಗಿದೆ. ಆರು ತಿಂಗಳು ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡಲು ಬಿಡಿ. ಸಭೆಯನ್ನು ಹೊಸದು ಮಾಡಿ ತೋರಿಸುತ್ತೇನೆ."

ಗುರುಗಳು ಪೆನ್ನು ತೆಗೆದುಕೊಂಡರು. ಸಹಿ ಹಾಕಲಿಲ್ಲ.

"ಕೂತುಕೋ. ಇದು ನಿಂತು ಕೇಳುವ ಕತೆಯಲ್ಲ."

ಒಂದು ಹೊಳೆಯ ದಂಡೆಯಲ್ಲಿ ಒಂದು ಊರು. ಊರಲ್ಲಿ ಒಂದು ಚರ್ಚು. ಚರ್ಚಿಗೆ ಒಂದು ಗಂಟೆ. ಆ ಗಂಟೆಯನ್ನು ದೋಣಿಯಿಂದ ಇಳಿಸಿ ಹೊತ್ತು ತಂದವರಲ್ಲಿ ಅರ್ಧ ಜನ ಪೂಜೆಗೆ ಬರುವವರಲ್ಲ. ಹೆಗಲು ಕೊಟ್ಟವರಿಗೂ ಗಂಟೆ ಸೇರಬೇಕಲ್ಲ? ಹಿರಿಯರು ಗೋಡೆಯಲ್ಲಿ ಒಂದು ತೂತು ಬಿಟ್ಟು, ಹಗ್ಗದ ತುದಿಯನ್ನು ಬೀದಿಗೆ ಇಳಿಬಿಟ್ಟರು.

ಪದ್ಧತಿ ಹೀಗಿತ್ತು. ಪೂಜೆಗೆ ಮೂರು ಏಟು. ಎಡೆಬಿಡದೆ ಬಡಿದರೆ ಯಾರದೋ ಮನೆಗೆ ಕಷ್ಟ ಬಂದಿದೆ ಎಂದು ಅರ್ಥ. ಯಾರು ಬೇಕಾದರೂ ಎಳೆಯಬಹುದು. ಎಳೆದವರ ಜಾತಿ ಕೇಳುವಂತಿಲ್ಲ. ಪೂಜೆಯ ನಡುವೆಯಾದರೂ ಒಳಗಿದ್ದವರು ಎದ್ದು ಹೊರಡಬೇಕು. ಅದಕ್ಕೆಂದೇ ಗುದ್ದಲಿ, ಏಣಿ, ಚಾಪೆ ಬಾಗಿಲ ಹಿಂದೆ ಇರುತ್ತಿದ್ದವು.

ಗಂಟೆಯನ್ನು ನೋಡಿಕೊಳ್ಳಲು ಒಬ್ಬನಿದ್ದ. ಊರವರು ಅವನನ್ನು ಗಂಟೆಯವನು ಎನ್ನುತ್ತಿದ್ದರು. ಹಗ್ಗ ಎಳೆದವರನ್ನು ಮೊದಲು ಮಾತಾಡಿಸುವವನೂ ಅವನೇ, ಎಲ್ಲರಿಗಿಂತ ಮುಂದೆ ಓಡುವವನೂ ಅವನೇ.

ಕಾಲ ಕೆಟ್ಟಿತು. ಹೊಳೆ ವರ್ಷಕ್ಕೆರಡು ಸಲ ಊರೊಳಗೆ ಬಂತು. ಹೆಂಚಿನ ಕಾರ್ಖಾನೆ ಮುಚ್ಚಿತು. ಕೆಲಸ ಹೋದವರು ಕುಡಿದರು, ಕುಡಿದವರು ಹೊಡೆದಾಡಿದರು. ತಿಂಗಳಿಗೊಮ್ಮೆ ಬಡಿಯುತ್ತಿದ್ದ ಗಂಟೆ ದಿನಕ್ಕೊಮ್ಮೆ ಬಡಿಯತೊಡಗಿತು. ಒಬ್ಬ, ಹೆಂಡತಿ ಬಾಗಿಲು ತೆರೆಯಲಿಲ್ಲವೆಂದು ಎಳೆದ. ಇನ್ನೊಬ್ಬ, ಹೊಳೆಗೆ ಇಳಿದ ಎಮ್ಮೆ ಮೇಲೆ ಬರಲಿಲ್ಲವೆಂದು ಎಳೆದ. ಪೂಜೆಗೆ ಬಂದವರು ಕಂಬಕ್ಕೆ ಒರಗಿ ತೂಕಡಿಸಿದರು.

ಸಭೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ನಮ್ಮ ಸಭೆಗೆ ಮುಪ್ಪು ಬಂದಿದೆ, ಹೊಸದು ಮಾಡೋಣ ಎಂದ. ನೆಲಕ್ಕೆ ಟೈಲ್ಸ್ ಬಂತು. ಹಾಡಿಗೆ ಮೈಕು ಬಂತು. ಗೋಡೆಗೆ ಹೊಸ ಗಾರೆ, ಅದರ ಮೇಲೆ ಬಿಳಿ ಸುಣ್ಣ. ಗಾರೆ ಬಳಿಯುತ್ತ ಬಂದ ಮೇಸ್ತ್ರಿ ಒಂದು ಕಡೆ ನಿಂತ.

"ಇಲ್ಲೊಂದು ತೂತು ಐತಲ್ಲ, ಏನು ಮಾಡಲಿ?"

ವ್ಯಾಪಾರಿ ಗಂಟೆಯವನ ಮುಖ ನೋಡಿದ. "ನೀನೇ ಹೇಳಪ್ಪ. ಓಡುವವನು ನೀನು."

ಗಂಟೆಯವನು ಕೆಟ್ಟವನಲ್ಲ. ದಣಿದಿದ್ದ. ಹಿಂದಿನ ದಿನ ಮೂರು ಸಲ ಓಡಿದ್ದ. ಅದರಲ್ಲಿ ಒಂದು ಸಲ ಎಮ್ಮೆಗೆ.

"ಮುಚ್ಚಿಬಿಡಿ ಮೇಸ್ತ್ರಿ," ಎಂದ. "ಬೇಕಾದವರು ಬಾಗಿಲಿಗೆ ಬರುತ್ತಾರೆ."

ಹಗ್ಗವನ್ನು ಒಳಗೆ ಎಳೆದುಕೊಂಡರು. ಎರಡು ಬಾಣಲಿ ಗಾರೆ ಸಾಕಾಯಿತು.

ಮೊದಮೊದಲು ಒಬ್ಬಿಬ್ಬರು ಬಾಗಿಲಿಗೆ ಬಂದರು. ಪೂಜೆ ನಡೆಯುತ್ತಿದೆ, ಆಮೇಲೆ ಬನ್ನಿ ಎಂದರು. ಆಮೇಲೆ ಅವರು ಬರಲಿಲ್ಲ. ಊರಿನ ಕಷ್ಟ ಕಡಿಮೆಯಾಯಿತು ಎಂದು ಸಭೆಯವರು ತಿಳಿದುಕೊಂಡರು. ಗಂಟೆಯವನು ವಾರವಿಡೀ ಬಿಸಿ ಅನ್ನ ಉಂಡ. ಅವನ ಬದುಕಿನಲ್ಲಿ ಅದೇ ಮೊದಲು. ಪೂಜೆ ಅರ್ಧಕ್ಕೆ ನಿಲ್ಲಲಿಲ್ಲ. ಹಾಡು ಇಂಪಾಯಿತು. ಅಕ್ಕಪಕ್ಕದ ಊರಿನವರು ನೋಡಲು ಬಂದರು. ಸಭೆ ಹೊಸದಾಯಿತು ಎಂದು ಎಲ್ಲರೂ ಹೇಳಿದರು. ಅದು ಸುಳ್ಳೂ ಅಲ್ಲ.

ವರ್ಷ ತುಂಬಿದ ಭಾನುವಾರ ಬೆಳಿಗ್ಗೆ ಕೃತಜ್ಞತೆಯ ಪೂಜೆ ಇಟ್ಟುಕೊಂಡರು. ಬೀದಿಯ ಸದ್ದು ಬೇಡವೆಂದು ಬಾಗಿಲು ಹಾಕಿದರು.

ಅದೇ ಹೊತ್ತಿಗೆ ಹೊಳೆದಂಡೆಯ ಮಣ್ಣಿನ ಗುಂಡಿ ಕುಸಿಯಿತು. ಮಣ್ಣು ತೆಗೆಯಲು ಇಳಿದಿದ್ದ ಕುಂಬಾರ ಅದರಡಿಯಲ್ಲಿ ಸಿಕ್ಕಿಕೊಂಡ. ಅವನ ಹೆಂಡತಿ ಬರಿಗೈಯಲ್ಲಿ ತೋಡಿ ನೋಡಿದಳು. ಆಗಲಿಲ್ಲ. ಓಡಿದಳು. ಹಗ್ಗ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಅವಳ ಕಾಲಿಗೆ ಗೊತ್ತಿರಲಿಲ್ಲ. ನೇರ ಆ ಗೋಡೆಗೇ ಬಂದಳು. ತಡಕಿದಳು. ಗೋಡೆ ನುಣ್ಣಗಿತ್ತು. ಈ ತುದಿಯಿಂದ ಆ ತುದಿಯವರೆಗೆ ತಡಕಿದಳು. ಆಮೇಲೆ ಬಾಗಿಲು ಬಡಿದಳು. ಒಳಗೆ ಮೈಕಿನಲ್ಲಿ ಹಾಡು. ಯಾರಿಗೂ ಕೇಳಿಸಲಿಲ್ಲ. ಅವಳು ತಿರುಗಿ ಗುಂಡಿಯ ಕಡೆಗೆ ಓಡಿದಳು. ತೋಡಲು ಉಳಿದಿದ್ದು ಅವಳ ಎರಡು ಕೈ ಮಾತ್ರ.

ಪೂಜೆ ಮುಗಿಸಿ ಹೊರಗೆ ಬಂದವರು ಗೋಡೆ ನೋಡಿದರು. ಬಿಳಿ ಸುಣ್ಣದ ಮೇಲೆ ಉದ್ದಕ್ಕೂ ಕೆಂಪು ಕೈಗುರುತು.

"ಯಾವ ಪುಂಡರ ಕೆಲಸ ಇದು? ಮೊನ್ನೆ ತಾನೇ ಸುಣ್ಣ ಹೊಡೆಸಿದ್ದೆ," ಎಂದ ವ್ಯಾಪಾರಿ.

ಗಂಟೆಯವನು ಗೋಡೆಯ ಹತ್ತಿರ ಹೋದ. ಕೈಗುರುತುಗಳೆಲ್ಲ ಹಗ್ಗದ ಎತ್ತರಕ್ಕೇ ಇದ್ದವು. ಹಳೆಯ ತೂತಿನ ಜಾಗದಲ್ಲಿ ಗಾರೆಯನ್ನು ಉಗುರಿನಿಂದ ಕೆರೆದ ಗುರುತಿತ್ತು. ಅಂಥ ಕೆಂಪು ಮಣ್ಣು ಊರಲ್ಲಿ ಒಂದೇ ಕಡೆ ಸಿಗುತ್ತಿತ್ತು. ಅವನು ಗುದ್ದಲಿ ಹುಡುಕಿದ. ಬಾಗಿಲ ಹಿಂದೆ ಅದು ಇರಲಿಲ್ಲ. ಅಲ್ಲಿ ಮೈಕಿನ ಪೆಟ್ಟಿಗೆ ಇತ್ತು. ಬರಿಗೈಯಲ್ಲಿ ಓಡಿದ. ಜನ ಅವನ ಹಿಂದೆ ಓಡಿದರು.

ಕುಂಬಾರನನ್ನು ಹೊರಗೆ ತೆಗೆದರು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಗಂಟೆಯವನು ಕುಂಬಾರನ ಹೆಂಡತಿಯ ಮುಂದೆ ಕುಸಿದು ಕೂತ. ಅವಳು ಹೇಳಿದಳು.

"ಹಾಡು ಚೆನ್ನಾಗಿತ್ತಣ್ಣ."

ಗುರುಗಳು ಇಲ್ಲಿಗೆ ನಿಲ್ಲಿಸಿ ಕಣ್ಣು ಉಜ್ಜಿಕೊಂಡರು. ಅವರಿಗೂ ದಣಿವಾಗಿತ್ತು. ಚೌರಪ್ಪ ತನ್ನ ಕಾಗದವನ್ನು ನೋಡಿದ. ದಿನವೂ ತನ್ನ ಬಾಗಿಲು ಬಡಿಯುವವರ ಮುಖಗಳು ಅವನ ಕಣ್ಣ ಮುಂದೆ ಬಂದವು.

"ಆಮೇಲಾದರೂ ಆ ತೂತನ್ನು ತೆಗೆದರೇ, ಗುರುಗಳೇ?"

"ಅವತ್ತು ಸಂಜೆಯೇ ತೆಗೆದು ಹೊಸ ಹಗ್ಗ ಇಳಿಬಿಟ್ಟರು, ಗಂಟೆಯವನು ಏಳು ವರ್ಷದಿಂದ ಅದರ ಪಕ್ಕದಲ್ಲೇ ಕೂತಿದ್ದಾನೆ, ಇನ್ನೂ ಯಾರೂ ಎಳೆದಿಲ್ಲ, ಮಗಾ."